ಯಾರ ಕೋಣೆ ಎಂದು ಕೇಳದ ಕಾವಲುಗಾರ

ತಪ್ಪು ತಂತ್ರಾಂಶದ್ದೋ, ಅಥವಾ ತನ್ನದೇ ಇರಬಹುದೇ?

ಪರದೆಯ ಮೇಲೆ ಹಸಿರು ಪಟ್ಟಿಯೊಂದು ಮೂಡಿ, 'ನಿಮ್ಮ ಪಾಸ್‌ವರ್ಡ್ ಯಶಸ್ವಿಯಾಗಿ ಬದಲಾಗಿದೆ' ಎಂದು ಹೇಳುತ್ತಿತ್ತು. ಬದಲಾಗಿದ್ದು ಅವನ ಪಾಸ್‌ವರ್ಡ್ ಅಲ್ಲ, ಅವನ ಅಕ್ಕನದು. ಅಥವಾ ಬದಲಾಗಿಯೇ ಇಲ್ಲವೋ ಏನೋ. ಈ ಕಂಪನಿಯ ತಂತ್ರಾಂಶ 'ಯಶಸ್ವಿ' ಎಂದ ಮಾತ್ರಕ್ಕೆ ಏನಾದರೂ ಆಗಿದೆ ಎಂದು ನಂಬಲು ಅವನೇನು ಗ್ರಾಹಕನೇ? ಹಿಂದೊಮ್ಮೆ ಇಂಟರ್‌ನೆಟ್ ತಂತಿ ಕಿತ್ತು ಬಿದ್ದಿದ್ದಾಗಲೂ ಅದು 'ಯಶಸ್ವಿಯಾಗಿ ಕಳುಹಿಸಲಾಗಿದೆ' ಎಂದು ಹಸಿರಾಗಿ ನಕ್ಕಿತ್ತು.

ಬೇರೆಯವರು ಕಟ್ಟಿದ್ದನ್ನು ಅಲ್ಲಾಡಿಸಿ ನೋಡುವುದು ಅವನ ಕೆಲಸ. ಸಂಬಳದ ಚೀಟಿಯಲ್ಲಿ ಅವನು 'ಗುಣಮಟ್ಟ ಪರೀಕ್ಷಕ'. ಆಫೀಸಿನವರ ಬಾಯಲ್ಲಿ 'ತಕರಾರು'. 'ತಕರಾರು ಬಂದ', 'ತಕರಾರು ಊಟಕ್ಕೆ ಹೋದ', 'ಇವತ್ತು ತಕರಾರು ರಜೆ, ಬೇಗ ಬೇಗ ಮುಗಿಸ್ರೋ' ಎಂದೆಲ್ಲ ಅವನೆದುರೇ ಹೇಳುತ್ತಿದ್ದರು. ಅವನು ಉತ್ತರ ಕೊಡುತ್ತಿರಲಿಲ್ಲ. ಉತ್ತರ ಕೊಟ್ಟರೆ ಅದೂ ಒಂದು ತಕರಾರು.

ಅಲ್ಲಾಡಿಸಬೇಕಾಗಿದ್ದುದು ದೊಡ್ಡ ಆಸ್ಪತ್ರೆಯೊಂದರ ಜಾಲತಾಣವನ್ನು. ರೋಗಿಗಳು ಮನೆಯಲ್ಲೇ ಕೂತು ತಮ್ಮ ವರದಿ ನೋಡಬಹುದು, ವೈದ್ಯರ ದಿನ ಗೊತ್ತು ಮಾಡಿಕೊಳ್ಳಬಹುದು. ಬರುವ ಸೋಮವಾರ ಅದು ಎಲ್ಲ ರೋಗಿಗಳಿಗೂ ತೆರೆಯುವುದಿತ್ತು. ಅದಕ್ಕೂ ಮೊದಲು ಪ್ರಯೋಗವಾಗಲಿ ಎಂದು ನೌಕರರೆಲ್ಲ ತಮ್ಮ ತಮ್ಮ ಮನೆಯವರನ್ನು ಸೇರಿಸಬೇಕೆಂದು ಅಪ್ಪಣೆಯಾಗಿತ್ತು. ರೋಗಿಗಳು ಸಿಗದಿದ್ದರೆ ನೆಂಟರಾದರೂ ಸಿಗುತ್ತಾರಲ್ಲ. ಅವನು ತನ್ನನ್ನು ಸೇರಿಸಿಕೊಂಡು, ಅದೇ ಕೈಯಲ್ಲಿ ಅಕ್ಕನನ್ನೂ ಸೇರಿಸಿದ್ದ. ಅಕ್ಕ ಮೊದಲು ಬೇಡವೆಂದಿದ್ದಳು. 'ಗಂಡ ಕಟ್ಟಿದ ಮನೆಗೆ ಹೆಂಡತಿಯೇ ಕಾಲಿಡದಿದ್ದರೆ ಹೇಗೆ' ಎಂದು, ಆ ಜಾಲತಾಣ ಕಟ್ಟಿದ ಭಾವ ಪೀಡಿಸಿದ ಮೇಲೆ ಒಪ್ಪಿದಳು. ಹೀಗಾಗಿ ಅವನ ಖಾತೆಯ ಸಂಖ್ಯೆಗೆ ಒಂದು ಕೂಡಿಸಿದರೆ ಅಕ್ಕನ ಸಂಖ್ಯೆ.

ಆ ಮಧ್ಯಾಹ್ನ ಅವನು ಮಾಡಿದ್ದು ಇಷ್ಟೇ. ತನ್ನ ಖಾತೆಗೆ ಹೋಗಿ, ಪಾಸ್‌ವರ್ಡ್ ಬದಲಿಸುವ ಪುಟ ತೆರೆದು, ಪುಟದ ಜೊತೆ ಕಣ್ಣಿಗೆ ಕಾಣದಂತೆ ಹೋಗುವ ತನ್ನ ಖಾತೆಯ ಸಂಖ್ಯೆಗೆ ಒಂದು ಕೂಡಿಸಿ ಗುಂಡಿ ಒತ್ತಿದ. ಮರ್ಯಾದಸ್ಥ ತಂತ್ರಾಂಶವಾಗಿದ್ದರೆ 'ಇದು ನಿನ್ನದಲ್ಲ, ಕೈ ತೆಗಿ' ಎನ್ನಬೇಕಿತ್ತು. ಇದು ಹಸಿರಾಯಿತು.

ನಿಜವಾಗಿ ಬದಲಾಗಿದೆಯೋ ಇಲ್ಲವೋ ತಿಳಿಯಲು ಒಂದೇ ದಾರಿ, ಅಕ್ಕನಾಗಿ ಒಳಗೆ ಹೋಗಿ ನೋಡುವುದು. 'ಅಕ್ಕ ತಾನೇ' ಎಂದುಕೊಂಡ. ಹೊಸ ಪಾಸ್‌ವರ್ಡ್ ಹಾಕಿದ. ಬಾಗಿಲು ತೆರೆಯಿತು.

ನೋಡಬಾರದು ಎಂದು ಅವನು ನಿರ್ಧರಿಸಿದ್ದು ನೋಡಿದ ಮೇಲೆ.

'ಶ್ರವಣ ಪರೀಕ್ಷೆ. ಎಡಗಿವಿ: ತೀವ್ರ ನಷ್ಟ. ಬಲಗಿವಿ: ಮಧ್ಯಮ, ಹೆಚ್ಚುತ್ತಿದೆ. ಮುಂದಿನ ಭೇಟಿ: ಶ್ರವಣ ಸಾಧನದ ಅಳತೆ. ಜೊತೆಗೆ ಬರುವವರು: ಯಾರೂ ಇಲ್ಲ.'

ಅವನ ಅಕ್ಕ ನ್ಯಾಯಾಲಯದಲ್ಲಿ ಶೀಘ್ರಲಿಪಿ ಬರೆಯುವವಳು. ಸಾಕ್ಷಿ ಗೊಣಗಿದ್ದು, ವಕೀಲ ಗುಡುಗಿದ್ದು, ನ್ಯಾಯಾಧೀಶರು ಗಂಟಲಲ್ಲೇ ನುಂಗಿದ್ದು, ಎಲ್ಲವನ್ನೂ ಕಿವಿಯಿಂದ ಹಿಡಿದು ಕೈಗೆ ಇಳಿಸುವುದು ಅವಳ ಕಸುಬು. ಕಿವಿಯೇ ಅವಳ ಉದ್ಯೋಗ. ವಿಷಯ ಗೊತ್ತಾದರೆ ಮರುದಿನವೇ ಅವಳನ್ನು ನೆಲಮಾಳಿಗೆಯ ಕಡತಗಳ ಕೋಣೆಗೆ ಕಳುಹಿಸುತ್ತಾರೆ. ಅಲ್ಲಿ ಮಾತಾಡುವವರು ಯಾರೂ ಇಲ್ಲವಾದ್ದರಿಂದ ಕಿವಿ ಬೇಕಿಲ್ಲ. ಸಾಧನ ಹಾಕಿಸಿಕೊಂಡು, ಕೂದಲು ಮುಚ್ಚಿಕೊಂಡು, ಯಾರಿಗೂ ತಿಳಿಯದಂತೆ ಕುರ್ಚಿ ಉಳಿಸಿಕೊಳ್ಳುವುದು ಅವಳ ಲೆಕ್ಕವಿರಬೇಕು.

ಅವನಿಗೆ ಹಿಂದಿನದೆಲ್ಲ ಒಂದೊಂದಾಗಿ ನೆನಪಾಯಿತು. ಎಲ್ಲರೂ ನಕ್ಕು ಮುಗಿಸಿದ ಮೇಲೆ ಅಕ್ಕ ನಗುವುದು. ಕರೆದರೆ ಓಗೊಡದೆ ಹೋಗುವುದು. ಮನೆಮಂದಿ ಅದಕ್ಕೆ 'ಕೋರ್ಟಿನ ಸೊಕ್ಕು' ಎಂದು ಹೆಸರಿಟ್ಟಿದ್ದರು. 'ಊರೆಲ್ಲ ನನ್ನ ಮಾತು ಕೇಳುತ್ತೆ, ನನ್ನ ಹೆಂಡ್ತಿ ಒಬ್ಬಳು ಬಿಟ್ಟು' ಎಂಬುದು ಭಾವನ ಹಳೆಯ ಜೋಕು. ಕಳೆದ ವರ್ಷ ಬೀದಿಯಲ್ಲಿ ಹಿಂದಿನಿಂದ ಕೂಗಿದಾಗ ಅವಳು ತಿರುಗಿ ನೋಡಲಿಲ್ಲವೆಂದು ಇವನೂ ಬಹಳ ದಿನ ಮುನಿಸಿಕೊಂಡಿದ್ದ. ಮುನಿಸು ಅವಳಿಗೆ ತಿಳಿಯಲಿ ಎಂದು ಮಾತು ಬಿಟ್ಟಿದ್ದ. ಅವಳಿಗೆ ಅದು ಹೇಗೆ ತಿಳಿಯಬೇಕು!

ಪುಟ ಮುಚ್ಚಿದ. ಮುಚ್ಚಿದ ಮೇಲೆ ಹೊಳೆಯಿತು, ಅಕ್ಕನ ಹಳೆಯ ಪಾಸ್‌ವರ್ಡ್ ಏನೆಂದು ಅವನಿಗೆ ಗೊತ್ತಿಲ್ಲ. ಕದ್ದದ್ದನ್ನು ತಿರುಗಿ ಇಡಬಹುದು. ಇದನ್ನು ತಿರುಗಿ ಇಡಲು ಬಾರದು.

ಮರುದಿನ ಬೆಳಗ್ಗೆ ಅವನು ಭಾವನ ಗಾಜಿನ ಕೋಣೆಗೆ ಹೋದ. ಭಾವ ತಂಡದ ಮುಖ್ಯಸ್ಥ. ಇವನನ್ನು ಕೆಲಸಕ್ಕೆ ಸೇರಿಸಿದವನೂ ಅವನೇ, ಪಾಸ್‌ವರ್ಡಿನ ಪುಟ ಬರೆದವನೂ ಅವನೇ. ಇವನು ಸೇರಿದ ದಿನ ಅಭ್ಯಾಸಬಲದಿಂದ 'ಭಾವ' ಎಂದು ಕರೆದದ್ದೇ ತಡ, ಇಡೀ ಆಫೀಸು ಅವನನ್ನು ಭಾವ ಎಂದೇ ಕರೆಯತೊಡಗಿತ್ತು. ಇಷ್ಟು ಜನ ಭಾವಮೈದುನರಿರುವ ಕಂಪನಿ ಬೇರೆಲ್ಲೂ ಇರಲಾರದು.

"ಭಾವ, ಸೋಮವಾರ ತೆರೆಯೋದು ಬೇಡ."

"ಶುರುವಾಯ್ತಾ ನಿನ್ನ ರಾಗ? ಈ ಸಲ ಏನು, ಗುಂಡಿ ಸೊಟ್ಟಗಿದೆಯಾ?"

"ಪಾಸ್‌ವರ್ಡ್ ಬದಲಾಯಿಸೋ ಪುಟ. ಒಳಗೆ ಬಂದವನು ಯಾರು ಅಂತ ನೋಡುತ್ತೆ. ಅವನು ಯಾರ ಪಾಸ್‌ವರ್ಡ್ ಬದಲಾಯಿಸ್ತಿದ್ದಾನೆ ಅಂತ ನೋಡೋದೇ ಇಲ್ಲ."

"ಹಾಗಂದ್ರೆ?"

"ಕಾವಲುಗಾರ ಬಾಗಿಲಲ್ಲಿ ನಿಮ್ಮ ಗುರುತಿನ ಚೀಟಿ ನೋಡ್ತಾನೆ, ಸಲಾಂ ಹೊಡೀತಾನೆ. ಯಾರ ಕೋಣೆಗೆ ಅಂತ ಕೇಳಲ್ಲ. ಆಮೇಲೆ ನೀವು ಪಕ್ಕದವರ ಕೋಣೆ ಬೀಗ ಕಿತ್ತು ನಿಮ್ಮ ಬೀಗ ಹಾಕಿದ್ರೂ ಟಾರ್ಚ್ ಹಿಡ್ಕೊಂಡು ಸಹಾಯಕ್ಕೆ ನಿಂತಿರ್ತಾನೆ."

"ಪಕ್ಕದವರ ಸಂಖ್ಯೆ ಯಾರಿಗಪ್ಪಾ ಗೊತ್ತಿರುತ್ತೆ?"

"ನಮ್ಮದಕ್ಕೆ ಒಂದು ಕೂಡಿಸಿದ್ರೆ ಪಕ್ಕದವರದು, ಭಾವ."

"ಯಾರು ಕೂಡಿಸ್ತಾರೆ? ರೋಗಿಗಳು ಕಣೋ ಅವರು. ಜ್ವರ ಬಂದು ಮಲಗಿದೋರು ಕೂಡೋ ಲೆಕ್ಕ ಕಳೆಯೋ ಲೆಕ್ಕ ಮಾಡ್ತಾ ಕೂತಿರ್ತಾರಾ?" ಭಾವ ಕುರ್ಚಿಯಲ್ಲಿ ಅರ್ಧ ಸುತ್ತು ತಿರುಗಿದ. "ಇಷ್ಟು ತಿಂಗಳಿಂದ ಎಲ್ಲರೂ ನೋಡ್ತಾ ಇದ್ದಾರಲ್ಲ, ನಿನಗೊಬ್ಬನಿಗೇ ಕಂಡಿದ್ದು ಹೇಗೆ?"

"ಎಲ್ಲರೂ ನಿಮ್ಮ ಖಾತೆಯಲ್ಲೇ ನೋಡ್ತಾರೆ."

ಅದು ನಿಜ. ಆ ಆಫೀಸಿನ ಪದ್ಧತಿಯೇ ಹಾಗೆ. ಭಾವನ ಖಾತೆ ಸಂಖ್ಯೆ ಒಂದು. ಅದಕ್ಕೆ ಎಲ್ಲದರ ಮೇಲೂ ಅಧಿಕಾರ. ಆಸ್ಪತ್ರೆಯವರು ಹಟ ಹಿಡಿದು ಮುಚ್ಚಿಸಿದ ರೋಗಿಗಳ ವರದಿಯೊಂದನ್ನು ಬಿಟ್ಟು, ಯಾವ ಬಾಗಿಲೂ ಅದನ್ನು ತಡೆಯುತ್ತಿರಲಿಲ್ಲ. ಪ್ರತಿ ಸಲ ಬೇರೆ ಬೇರೆ ಖಾತೆಯಿಂದ ಒಳಗೆ ಹೋಗುವುದು ಯಾರಿಗೆ ಬೇಕು ಎಂದು ಅದರ ಪಾಸ್‌ವರ್ಡನ್ನು ಗೋಡೆಯ ಬಿಳಿ ಹಲಗೆಯ ಮೇಲೆ ಬರೆದಿಟ್ಟಿದ್ದರು. ಮೂಲೆಯಲ್ಲಿ 'ಅಳಿಸಬೇಡಿ' ಎಂದೂ ಬರೆದಿತ್ತು. ಹೊಸದಾಗಿ ಸೇರಿದವರಿಗೆ ಮೊದಲು ನೀರಿನ ಜಾಗ ತೋರಿಸಿ, ಆಮೇಲೆ ಆ ಹಲಗೆ ತೋರಿಸುತ್ತಿದ್ದರು. ಎಲ್ಲ ಬಾಗಿಲೂ ತೆರೆಯುವ ಒಂದೇ ಕೀಲಿಯನ್ನು ಎಲ್ಲರೂ ಹಿಡಿದುಕೊಂಡು ಓಡಾಡುತ್ತಿದ್ದರೆ, ಬಾಗಿಲಿಗೆ ಬೀಗವೇ ಇಲ್ಲವೆಂದು ಯಾರಿಗೆ ತಿಳಿಯಬೇಕು?

"ಸರಿ," ಎಂದ ಭಾವ. "ತೋರಿಸು. ಯಾರದು ಬದಲಾಯಿಸಿದೆ?"

ಅವನು ಬಾಯಿ ತೆರೆದ. ಮೇಜಿನ ಮೇಲೆ ಭಾವ ಮತ್ತು ಅಕ್ಕ ನಗುತ್ತಿರುವ ಪಟವಿತ್ತು. ಅಕ್ಕನದು ಸ್ವಲ್ಪ ತಡವಾದ ನಗು.

"ನಂದೇ," ಎಂದ.

ಭಾವ ಗಾಜು ಅದುರುವಂತೆ ನಕ್ಕ. "ನಿನ್ನ ಪಾಸ್‌ವರ್ಡ್ ನೀನು ಬದಲಾಯಿಸಿದೆ, ಅದು ಬದಲಾಯ್ತು! ಅದು ದೋಷ! ತನ್ನ ಮನೆಗೆ ತಾನೇ ಬೀಗ ಹಾಕ್ಕೊಂಡು 'ಕಳ್ಳ ಬಂದ, ಕಳ್ಳ ಬಂದ' ಅಂತ ಕೂಗಿದನಂತೆ ಒಬ್ಬ."

"ಡಮ್ಮಿ ಖಾತೆಯಲ್ಲಿ ತೋರಿಸ್ತೀನಿ."

"ಡಮ್ಮಿಯಲ್ಲಿ ಸಾವಿರ ತಪ್ಪಿರುತ್ತೆ, ಅದಕ್ಕೇ ಅದನ್ನ ಡಮ್ಮಿ ಅನ್ನೋದು. ಹೋಗು, ಆಸ್ಪತ್ರೆಯವರ ಜೊತೆ ಫೋನಲ್ಲಿ ಮಾತಿದೆ ನನಗೆ. ಭದ್ರತೆ ಬಗ್ಗೆನೇ."

ಹೊರಗೆ ಬರುವಾಗ ಹಸಿರು ಪಟ್ಟಿಗೆ ಹಸಿರು ಬಳಿದಿದ್ದ ವಿನ್ಯಾಸಗಾರ್ತಿ ಕೇಳಿದಳು, "ಏನು ತಕರಾರು, ತಿರಸ್ಕಾರವಾ?"

"ಯಶಸ್ವಿಯಾಗಿ," ಎಂದ ಅವನು.

ಕೂತು ಯೋಚಿಸಿದ. ಸತ್ಯ ತೋರಿಸಿದರೆ ಅಕ್ಕನ ಗುಟ್ಟು ಅವಳ ಗಂಡನೆದುರೇ ಬಯಲು. ತೋರಿಸದಿದ್ದರೆ ಸೋಮವಾರದಿಂದ ಕೂಡುವ ಲೆಕ್ಕ ಬಂದವರಿಗೆಲ್ಲ ಬಯಲು. ನ್ಯಾಯಾಲಯದ ಗುಮಾಸ್ತರು ಅದೇ ಆಸ್ಪತ್ರೆಗೆ ಹೋಗುವವರು, ಮತ್ತು ಕೂಡುವುದು ಅವರಿಗೆ ಚೆನ್ನಾಗಿಯೇ ಬರುತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಗಾದೆ ಮಾಡಿದವನ ಕೈಯಲ್ಲಿ ಹಾವೂ ಇರಲಿಲ್ಲ, ಕೋಲೂ ಇರಲಿಲ್ಲ ಎಂದು ಅವನಿಗೆ ಅನ್ನಿಸಿತು.

ಆಗ ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು.

ಜಾಲತಾಣದ ಕೆಳಗೆ ದಪ್ಪ ಅಕ್ಷರದಲ್ಲಿ 'ನುರಿತ ತಜ್ಞರ ಸಹಾಯ ಕೇಂದ್ರ, ಸದಾ ನಿಮ್ಮ ಸೇವೆಯಲ್ಲಿ' ಎಂದು ಒಂದು ಸಂಖ್ಯೆ ಕೊಟ್ಟಿತ್ತು. ಆ ಕೇಂದ್ರವೆಂದರೆ ಈ ಫೋನು. ಆ ನುರಿತ ತಜ್ಞರೆಂದರೆ ತಕರಾರು. ಸದಾ ಎಂದರೆ ಅವನು ಕುರ್ಚಿಯಲ್ಲಿರುವಷ್ಟು ಹೊತ್ತು. ಕಂಪನಿಯ ಹೊರಗೆ ಇದು ಯಾರಿಗೂ ತಿಳಿಯದಂತೆ ಭಾವ ನೋಡಿಕೊಂಡಿದ್ದ, ಮನೆಯಲ್ಲೂ ಹೇಳಿರಲಿಲ್ಲ. ಒಂದು ಗುಟ್ಟಾದರೂ ಆ ಕಂಪನಿಯಲ್ಲಿ ಭದ್ರವಾಗಿತ್ತು.

"ನಮಸ್ಕಾರ, ಸಹಾಯ ಕೇಂದ್ರ," ಎಂದ.

"ಹಲೋ? ಸರ್, ಸ್ವಲ್ಪ ಜೋರಾಗಿ ಮಾತಾಡ್ತೀರಾ? ಇಲ್ಲಿ ಗದ್ದಲ ಇದೆ."

ಹಿಂದೆ ಯಾವ ಗದ್ದಲವೂ ಇರಲಿಲ್ಲ. ಖಾಲಿ ಕಾರಿಡಾರಿನಲ್ಲಿ ದೂರದ ಬಾಗಿಲೊಂದು ಮುಚ್ಚಿಕೊಂಡ ಸದ್ದು ಮಾತ್ರ ಕೇಳಿಸಿತು. ಮಾತಾಡುತ್ತಿದ್ದವಳು ಅಕ್ಕ.

ಅವನು ಕಾದ. ಈಗ ಬೈಯುತ್ತಾಳೆ, 'ಏನೋ, ನೀನಾ!' ಎನ್ನುತ್ತಾಳೆ ಎಂದು ಕಾದ. ಬೇಕೆಂದೇ ತನ್ನ ಸಹಜ ದನಿಯಲ್ಲಿ, ಜೋರಾಗಿ, ಇನ್ನೊಮ್ಮೆ ಹೇಳಿದ. "ಹೇಳಿ. ಏನು ಸಹಾಯ ಬೇಕಿತ್ತು?"

"ಹಾಂ, ಈಗ ಕೇಳಿಸ್ತು ಸರ್. ನನ್ನ ಪಾಸ್‌ವರ್ಡ್ ತಗೋತಾ ಇಲ್ಲ. ಮೊನ್ನೆವರೆಗೂ ಸರಿಯಾಗಿತ್ತು. ಒಂದು ಭೇಟಿ ಇದೆ, ಇವತ್ತೇ ಒಪ್ಪಿಗೆ ಕೊಡದಿದ್ರೆ ದಿನ ಬೇರೆಯವರಿಗೆ ಹೋಗುತ್ತಂತೆ. ಅಲ್ಲಿ ನನ್ನ ಮನೆಯವರೂ, ತಮ್ಮನೂ ಕೆಲಸ ಮಾಡ್ತಾರೆ, ಅವರಿಗೆ ಹೇಳಬೇಡಿ. ಸುಮ್ಮನೆ ಅವರಿಗ್ಯಾಕೆ ತೊಂದರೆ."

ಹುಟ್ಟಿದಾರಭ್ಯ ಕೇಳಿದ ದನಿಯನ್ನು ಅವಳು 'ಸರ್' ಎನ್ನುತ್ತಿದ್ದಳು. ವರದಿಯಲ್ಲಿ 'ತೀವ್ರ ನಷ್ಟ' ಎಂದು ಓದಿದಾಗ ಅವನಿಗೆ ಅರ್ಥವಾಗದೆ ಉಳಿದದ್ದು ಆ ಒಂದು 'ಸರ್'ನಲ್ಲಿ ಅರ್ಥವಾಯಿತು.

ನಿಯಮದ ಪ್ರಕಾರ ಗುರುತು ಖಚಿತಪಡಿಸಿಕೊಳ್ಳಬೇಕಿತ್ತು. ಅವನು ಕೇಳಿದ. ಹುಟ್ಟಿದ ದಿನ? ಹೇಳಿದಳು. ತಾಯಿಯ ಹೆಸರು? ಹೇಳಿದಳು. ತನ್ನ ತಾಯಿಯ ಹೆಸರನ್ನು ಅಪರಿಚಿತಳೊಬ್ಬಳಿಂದ ಕೇಳಿ ತಿಳಿದುಕೊಳ್ಳುವ ಭಾಗ್ಯ ಎಷ್ಟು ಜನರಿಗೆ ಸಿಗುತ್ತದೆ? ಕೊನೆಯ ಪ್ರಶ್ನೆ, ಚಿಕ್ಕಂದಿನ ಅಡ್ಡಹೆಸರು?

"ಗಿಳಿ," ಎಂದಳು. ನಗು ಬಂದಿರಬೇಕು. "ಕೇಳಿಸಿದ್ದನ್ನೆಲ್ಲ ಹಾಗೇ ತಿರುಗಿ ಹೇಳ್ತಿದ್ದೆ ಅಂತ ನನ್ನ ತಮ್ಮ ಇಟ್ಟ ಹೆಸರು. ಕೇಳಿಸ್ತಾ ಸರ್? ಗಿಳಿ."

"ಕೇಳಿಸ್ತು," ಎಂದು ಕೂಗಿದ. ಸುತ್ತಲಿನ ತಲೆಗಳು ತಿರುಗಿದವು. ಆ ಹೆಸರನ್ನು ಮಾತ್ರ ಅವನು ತಿರುಗಿ ಹೇಳಲಿಲ್ಲ. ಗಾಜಿನಾಚೆ ಭಾವ ಆಸ್ಪತ್ರೆಯವರಿಗೆ ಭದ್ರತೆಯನ್ನು ಕೈಯಾಡಿಸಿ ಬಣ್ಣಿಸುತ್ತಿದ್ದ.

"ಮೇಡಂ, ಇಲ್ಲಿ ಜೊತೆಗೆ ಬರುವವರು ಯಾರೂ ಇಲ್ಲ ಅಂತಿದೆ."

"ಅದು ಹಾಗೇ ಇರ್ಲಿ."

"ಯಾರನ್ನಾದ್ರೂ ಕರ್ಕೊಂಡು ಹೋಗಿ ಮೇಡಂ. ಡಾಕ್ಟರು ಹೇಳೋದನ್ನ ಇಬ್ಬರು ಕೇಳಿಸಿಕೊಂಡ್ರೆ ಒಳ್ಳೇದು."

ಆ ಕಡೆ ಸ್ವಲ್ಪ ಹೊತ್ತು ಏನೂ ಇಲ್ಲ. ಕೇಳಿಸಲಿಲ್ಲವೋ, ಕೇಳಿಸಿತೋ. ಅಷ್ಟು ಹೊತ್ತು ಅವನು ಜೀವಮಾನದಲ್ಲಿ ಅಕ್ಕನ ಮೌನಕ್ಕೆ ಕಿವಿಗೊಟ್ಟಿರಲಿಲ್ಲ.

"ನೋಡೋಣ ಸರ್," ಎಂದಳು. "ಪಾಸ್‌ವರ್ಡ್?"

ತಾನು ನಿನ್ನೆ ಇಟ್ಟ ಪಾಸ್‌ವರ್ಡನ್ನು ಅಕ್ಷರ ಅಕ್ಷರ ಬಿಡಿಸಿ ಹೇಳಬೇಕಾಯಿತು. ಮೊದಲ ಸಲ ಕೇಳಿಸಲಿಲ್ಲ. ಎರಡನೆಯ ಸಲ ಎದ್ದು ನಿಂತ. ಮೂರನೆಯ ಸಲ ಹೇಳುವಾಗ ಲಿಫ್ಟಿನ ಬಳಿ ನಿಂತವರೂ ಬರೆದುಕೊಳ್ಳಬಹುದಿತ್ತು. "ಸಿಕ್ತು ಸರ್, ಒಳಗೆ ಹೋಯ್ತು. ಹೊಸದು ನಾನೇ ಇಟ್ಕೋತೀನಿ. ದೇವರು ಒಳ್ಳೇದು ಮಾಡ್ಲಿ ನಿಮಗೆ," ಎಂದು ಅವಳು ಫೋನಿಟ್ಟಳು.

ಭಾವ ಗಾಜಿನ ಬಾಗಿಲು ತೆರೆದು ನಿಂತಿದ್ದ.

"ಪಾಸ್‌ವರ್ಡನ್ನ ಊರಿಗೆಲ್ಲ ಡಂಗುರ ಸಾರ್ತೀಯಲ್ಲೋ! ಬೆಳಗ್ಗೆ ನನಗೆ ಭದ್ರತೆ ಪಾಠ ಹೇಳೋಕೆ ಬಂದಿದ್ದೆ. ಯಾರದು ಅದು?"

"ಯಾರೋ. ಕಿವಿ ಸರಿಯಾಗಿ ಕೇಳಿಸಲ್ಲ ಅವರಿಗೆ."

"ಪಾಪ," ಎಂದ ಭಾವ. ಅವನು ಕೆಟ್ಟವನಲ್ಲ, ಮುಖದಲ್ಲಿ ನಿಜವಾದ ಮರುಕವಿತ್ತು. "ಮನೇಲಿ ನೋಡ್ಕೊಳ್ಳೋರು ಯಾರೂ ಇಲ್ವೇನೋ. ಎಂಥೆಂಥ ಜನ ಇರ್ತಾರೆ ನೋಡು. ಹೆಂಡ್ತಿಗೋ ತಾಯಿಗೋ ಕಿವಿ ಕೇಳಿಸಲ್ಲ ಅನ್ನೋದೂ ಗೊತ್ತಾಗಲ್ಲ ಅವರಿಗೆ."

ತಕರಾರು ಕುರ್ಚಿ ಹತ್ತಿರ ಎಳೆದುಕೊಂಡ.

"ಭಾವ, ಒಂದು ನಿಮಿಷ ಇಲ್ಲೇ ನಿಲ್ಲಿ."

ತನ್ನ ಖಾತೆಗೆ ಹೋದ. ಪಾಸ್‌ವರ್ಡ್ ಬದಲಿಸುವ ಪುಟ ತೆರೆದ. ಈ ಸಲ ಕೂಡಿಸಲಿಲ್ಲ. ತನ್ನ ಸಂಖ್ಯೆ ಅಳಿಸಿ 'ಒಂದು' ಎಂದು ಹಾಕಿದ. ಇದು ನಿನ್ನೆಯೇ ಹೊಳೆಯಬೇಕಿತ್ತು. ಆದರೆ ಮನುಷ್ಯನಿಗೆ ಮೊದಲು ಹೊಳೆಯುವುದು ಸುಮ್ಮನಿರುವವರ ಬಾಗಿಲು. ಗುಂಡಿ ಒತ್ತಿದ. ಹಸಿರಾಯಿತು.

"ಈಗ ನಿಮ್ಮ ಕೋಣೆಗೆ ಹೋಗಿ ಒಳಗೆ ಬನ್ನಿ ನೋಡೋಣ."

ಭಾವ ಹೋಗಬೇಕಾಗಲಿಲ್ಲ. ಮೊದಲು ಕಿಟಕಿಯ ಕಡೆಯಿಂದ "ಏಯ್, ನಂದು ಹೊರಗೆ ಹಾಕ್ತು!" ಎಂಬ ಕೂಗು ಬಂತು. ಆಮೇಲೆ ಮಧ್ಯದ ಸಾಲಿನಿಂದ "ನಂದೂ!" ಆಮೇಲೆ ಎಲ್ಲ ಕಡೆಯಿಂದ. ಒಂದೇ ಖಾತೆಯಲ್ಲಿ ಬದುಕುತ್ತಿದ್ದ ಇಡೀ ಆಫೀಸು ಒಂದೇ ಏಟಿಗೆ ಬೀದಿಗೆ ಬಿದ್ದಿತ್ತು. ಜನ ಅಭ್ಯಾಸದಂತೆ ಬಿಳಿ ಹಲಗೆಯ ಮುಂದೆ ಹೋಗಿ ನಿಂತು, ಅಲ್ಲಿ ಬರೆದದ್ದನ್ನು ಓದಿ, ಬಂದು ಒತ್ತಿ, ಮತ್ತೆ ಹೋಗಿ ಓದುತ್ತಿದ್ದರು. ವಿನ್ಯಾಸಗಾರ್ತಿ ಹಲಗೆಯನ್ನು ಒರೆಸಿಯೂ ನೋಡಿದಳು, ಧೂಳಿನಿಂದ ಅಕ್ಷರ ಬದಲಾಗಿದೆಯೇನೋ ಎಂದು.

"ಯಾವನೋ ಕಳ್ಳ ನುಗ್ಗಿದ್ದಾನೆ!" ಎಂದ ಭಾವ.

"ನಾನೇ ಭಾವ. ನಿಮ್ಮ ಎದುರಿಗೇ ನುಗ್ಗಿದೆ."

ಭಾವನ ಬಣ್ಣ ಎರಡು ಸಲ ಬದಲಾಯಿತು, ಎರಡೂ ಹಸಿರಲ್ಲ. ಸುತ್ತ ನೋಡಿ, ಬಗ್ಗಿ, ಪಿಸುಗುಟ್ಟಿದ. "ಹೊಸ ಪಾಸ್‌ವರ್ಡ್ ಏನಿಟ್ಟೆ?"

"ಮೆಲ್ಲಗೆ ಹೇಳ್ಲಾ, ಜೋರಾಗಿ ಹೇಳ್ಲಾ?"

ಸರಿಪಡಿಸಲು ಬೇಕಾದದ್ದು ಒಂದು ಸಾಲು. ಒಳಗೆ ಬಂದವನೂ, ಪಾಸ್‌ವರ್ಡಿನ ಒಡೆಯನೂ ಒಬ್ಬನೇ ಹೌದೋ ಅಲ್ಲವೋ ಎಂದು ಕೇಳುವ ಸಾಲು. ಅದನ್ನು ಭಾವನೇ ಬರೆದ. ಬರೆದದ್ದನ್ನು ತಕರಾರು ತನ್ನ ಖಾತೆಯಿಂದ ಅಲ್ಲಾಡಿಸಿ ನೋಡಿದ. 'ಇದಕ್ಕೆ ನಿಮಗೆ ಅಧಿಕಾರವಿಲ್ಲ' ಎಂದು ಬಂತು. ಯಾರಾದರೂ ಅವನಿಗೆ ಹಾಗೆಂದಾಗ ಸಂತೋಷವಾದದ್ದು ಅದೇ ಮೊದಲು. ಸೋಮವಾರ ಜಾಲತಾಣ ತೆರೆಯಿತು. ಭಾವ ಭಾಷಣದಲ್ಲಿ, ತಾನು ಕೊನೆಯ ಘಳಿಗೆಯಲ್ಲಿ ದೋಷವೊಂದನ್ನು ಹೇಗೆ ಹಿಡಿದೆನೆಂದು ಸಾಕಷ್ಟು ವಿನಯದಿಂದಲೇ ಹೇಳಿಕೊಂಡ. ಬಿಳಿ ಹಲಗೆಯ ಮೇಲೆ ಹೊಸ ಪಾಸ್‌ವರ್ಡ್ ಬಂತು. 'ಅಳಿಸಬೇಡಿ' ಎಂಬುದಕ್ಕೆ ಕೆಂಪು ಗೆರೆ ಎಳೆದಿದ್ದರು. ಭದ್ರತೆ ಬಿಗಿಯಾಗಿತ್ತು.

ಆ ಸಂಜೆ ಭಾವ ಅವನನ್ನು ಮನೆಗೆ ಊಟಕ್ಕೆ ಕರೆದ. ಭಾವ ಹೊರಗಿನ ಕೋಣೆಯಲ್ಲಿ ಯಾರಿಗೋ ಫೋನಿನಲ್ಲಿ ಅದೇ ಭಾಷಣದ ಸಾರಾಂಶ ಹೇಳುತ್ತಿದ್ದ. ಅಡುಗೆಮನೆಯಲ್ಲಿ ಅಕ್ಕ ತಟ್ಟೆ ಒರೆಸುತ್ತಿದ್ದಳು. ಅವನು ಎಂದಿನಂತೆ ಬಾಗಿಲಿಗೆ ಒರಗದೆ, ಒಳಗೆ ಹೋಗಿ ಅವಳ ಬಲಗಡೆ, ಇನ್ನೂ ಕೇಳಿಸುವ ಕಿವಿಯ ಕಡೆ ನಿಂತ.

"ಏನೋ, ಇವತ್ತು ಇಷ್ಟು ಹತ್ತಿರ? ಹಸಿವಾ?"

"ಹೂಂ."

"ನಿಮ್ಮ ಸಹಾಯ ಕೇಂದ್ರದಲ್ಲಿ ಒಬ್ಬ ಇದ್ದಾನಲ್ಲ, ಯಾರೋ ಅವನು?"

ಅವನು ಒಂದು ಲೋಟ ಎತ್ತಿಕೊಂಡು ಒರೆಸತೊಡಗಿದ. "ಯಾಕೆ?"

"ಸುಮ್ಮನೆ. ಏನೋ ಕೇಳೋಕೆ ಫೋನ್ ಮಾಡಿದ್ದೆ. ಹರಾಜು ಕೂಗೋ ಹಾಗೆ ಕೂಗ್ತಾನಪ್ಪ! ಆದ್ರೆ ಒಳ್ಳೆಯವನು. ವಯಸ್ಸಾದವನು ಅನ್ಸುತ್ತೆ, ತಿಳಿವಳಿಕೆ ಇದೆ. ನಿನ್ನ ಹಾಗಲ್ಲ."

"ಅಂಥವನು ನಮ್ಮಲ್ಲಿ ಯಾರೂ ಇಲ್ವಲ್ಲ," ಎಂದ ಅವನು. ಆಫೀಸಿನ ಬಗ್ಗೆ ಅವನು ಹೇಳಿದ ಮಾತುಗಳಲ್ಲಿ ಅದಕ್ಕಿಂತ ನಿಜವಾದದ್ದು ಇರಲಿಲ್ಲ.

ಅಕ್ಕ ತಟ್ಟೆಯನ್ನು ಒಣಗಿದ ಮೇಲೂ ಒರೆಸುತ್ತಿದ್ದಳು. "ಗುರುವಾರ ರಜೆ ಸಿಗುತ್ತಾ ನಿನಗೆ? ಒಂದು ಕಡೆ ಬರ್ಬೇಕು ನನ್ನ ಜೊತೆ. ಎಲ್ಲಿಗೆ, ಯಾಕೆ ಅಂತ ನಿನ್ನ ತಕರಾರೆಲ್ಲ ಬೇಡ. ಅಲ್ಲಿಗೆ ಹೋದ ಮೇಲೆ ಹೇಳ್ತೀನಿ. ನಿಮ್ಮ ಭಾವನಿಗೆ ಆಮೇಲೆ ನಾನೇ ಹೇಳ್ತೀನಿ."

ತಮ್ಮ ಹೇಳಿದ್ದನ್ನು ಅಕ್ಕ ಈ ಜನ್ಮದಲ್ಲಿ ಒಮ್ಮೆಯೂ ಕೇಳಿದವಳಲ್ಲ. ದಾರಿಯಲ್ಲಿ ಹೋಗುವವನು ಹೇಳಿದರೆ ಕೇಳುತ್ತಾಳೆ. ಮನೆಯವರಿಗೆ ಸಿಗದ ಅಧಿಕಾರ ಪರರಿಗೆ ಎಷ್ಟು ಸಲೀಸಾಗಿ ಸಿಗುತ್ತದೆ!

"ಸಿಗುತ್ತೆ," ಎಂದ. ಅವಳ ಮುಖ ನೋಡಿಕೊಂಡು, ಬಿಡಿಸಿ ಬಿಡಿಸಿ ಹೇಳಿದ.

ಗುರುವಾರ ಅವನು ಅವಳ ಜೊತೆ ಹೋದ. ಆಸ್ಪತ್ರೆಯ ಕಾರಿಡಾರಿನಲ್ಲಿ, ಕಿವಿಯ ದೊಡ್ಡ ಚಿತ್ರವಿದ್ದ ಬಾಗಿಲಿನೆದುರು ಕೂತು ಅವಳು ಎಲ್ಲವನ್ನೂ ಹೇಳಿದಳು. ಅವನು ಆಶ್ಚರ್ಯಪಡಬೇಕಾದ ಕಡೆಯಲ್ಲೆಲ್ಲ ಆಶ್ಚರ್ಯಪಟ್ಟ. ಒಂದೆರಡು ಕಡೆ ಸ್ವಲ್ಪ ಬೇಗ ಪಟ್ಟನೇನೋ, ಅವಳು ಒಮ್ಮೆ ಅವನನ್ನೇ ನೋಡಿ ಸುಮ್ಮನಾದಳು. ಒಳಗೆ ಡಾಕ್ಟರು ಹೇಳಿದ್ದನ್ನು ಇಬ್ಬರೂ ಕೇಳಿಸಿಕೊಂಡರು. ಹೊರಗೆ ಬರುವಾಗ ಅವಳ ಕಿವಿಯ ಹಿಂದೆ ಬೆರಳ ತುದಿಯಷ್ಟು ದೊಡ್ಡದೊಂದು ಸಾಧನ ಪ್ರಯೋಗಕ್ಕೆಂದು ಕೂತಿತ್ತು. ಮೆಟ್ಟಿಲಿಳಿಯುತ್ತಾ ಅವನು ಹಿಂದಿನಿಂದ ಮೆಲ್ಲಗೆ "ಗಿಳಿ" ಎಂದ. ಅವಳು ತಿರುಗಿ ನೋಡಿದಳು.

ಆ ದಿನ ಫೋನಿನಲ್ಲಿ ಕೂಗಿದವನು ತಾನೇ ಎಂದು ಅವನು ಅಕ್ಕನಿಗೆ ಎಂದೂ ಹೇಳಲಿಲ್ಲ.